ಗುಪ್ತ ಗಿರಾಕಿಯ ನೌಕರಿ

ಪುಕ್ಕಟೆ ಸಿಗುವ ವಸ್ತು ಎದುರಿಗೆ ಬಂದರೆ ನನ್ನ ಬುದ್ಧಿ ರಜೆ ಹಾಕುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಸು ಕೊಟ್ಟು ಕೊಳ್ಳುವಾಗ ಒಂದೊಂದು ಬದನೆಕಾಯಿಯನ್ನೂ ಹತ್ತು ಸಲ ತಿರುಗಿಸಿ ನೋಡುವ ನಾನು, ಪುಕ್ಕಟೆ ಎಂದರೆ ಹುಳದ ಸಮೇತ ಚೀಲಕ್ಕೆ ಹಾಕಿಕೊಳ್ಳುವವನು. ಇಂಥವನ ಕೈಗೆ ಒಂದು ದಿನ ಪತ್ರಿಕೆಯಲ್ಲಿ ಈ ಜಾಹೀರಾತು ಸಿಕ್ಕಿತು: ಹೈದರಾಬಾದಿನ ಚಹಾ ಕಂಪನಿಯೊಂದಕ್ಕೆ ಗುಪ್ತ ಗಿರಾಕಿಗಳು ಬೇಕಾಗಿದ್ದಾರೆ. ಸಾಮಾನ್ಯ ಗಿರಾಕಿಯಂತೆ ಅಂಗಡಿಗೆ ಹೋಗಬೇಕು, ಚಹಾ ಕೇಳಬೇಕು, ಅಂಗಡಿಯವನ ನಡತೆಯನ್ನು ಗಮನಿಸಿ ವರದಿ ಬರೆಯಬೇಕು. ಬಸ್ಸಿನ ಖರ್ಚು ಕಂಪನಿಯದು. ಸಂಬಳದ ಬದಲು ತಿಂಗಳಿಗೆ ಎರಡು ಪೊಟ್ಟಣ ಚಹಾಪುಡಿ.

ನಿಜಾಮರ ರಾಜ್ಯ ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದ ಈಗಿನ ಬಸವಕಲ್ಯಾಣದಲ್ಲಿ ನಾನು ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದೆ. ಹೆಂಡತಿ ನೀಲಮ್ಮ ಜಾಹೀರಾತನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು.

"ಮೊದ್ಲ ರೊಕ್ಕ ಕಳಸ್ರಿ ಅಂತ ಎಲ್ಲ್ಯಾರ ಬರದಾರೇನ್ರಿ?"

"ಇಲ್ಲ."

"ಹಂಗಾರ ಮೋಸ ಅಲ್ಲ ಬಿಡ್ರಿ. ಆದ್ರ ಮಂದಿ ಅಂಗಡಿಗೆ ಹೋಗಿ ಕಳ್ಳರಂಗ ನೋಡಿ ಬರೋದು ಎಂಥಾ ಉದ್ಯೋಗ?"

ಇದು ಕಳ್ಳತನವಲ್ಲ, ಪರೀಕ್ಷೆ ಎಂದು ವಿವರಿಸಿದೆ. ಇಪ್ಪತ್ತು ವರ್ಷ ಮಕ್ಕಳ ಪರೀಕ್ಷೆ ಮಾಡಿದವನಿಗೆ ದೊಡ್ಡವರ ಪರೀಕ್ಷೆ ಮಾಡುವ ಅವಕಾಶ ಸಿಕ್ಕಿದೆ, ಇದಕ್ಕಿಂತ ದೊಡ್ಡ ಬಡ್ತಿ ಬೇರೆ ಯಾವುದಿದೆ ಎಂದೂ ಕೇಳಿದೆ. ಅವಳು ಉತ್ತರ ಕೊಡದೆ ಒಳಗೆ ಹೋದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ. ಗಂಡಂದಿರು ಹೀಗೆ ತಿಳಿದುಕೊಳ್ಳುವುದರಿಂದಲೇ ಸಂಸಾರಗಳು ಮುಂದಕ್ಕೆ ಸಾಗುತ್ತವೆ.

ಕಂಪನಿಯಿಂದ ಉರ್ದುವಿನಲ್ಲಿ ಅಚ್ಚಾದ ಫಾರಮುಗಳು ಬಂದವು. ದುಕಾನದಾರನು ಮುಗುಳ್ನಕ್ಕನೇ? ನಮ್ಮ ಪೊಟ್ಟಣವನ್ನು ತಾನಾಗಿಯೇ ತೋರಿಸಿದನೇ? ಕೊಳ್ಳುವಂತೆ ಹುರಿದುಂಬಿಸಿದನೇ? ಪ್ರತಿ ಪ್ರಶ್ನೆಯ ಮುಂದೆ ಹೌದು, ಇಲ್ಲ ಎಂಬ ಎರಡೇ ಮನೆ. ಫಾರಮು ಬರೆದವನು ನಮ್ಮ ಕಡೆಯ ಕಿರಾಣಿ ಅಂಗಡಿಯನ್ನು ಕಣ್ಣಿನಿಂದ ಕಂಡವನಲ್ಲ. ನಮ್ಮಲ್ಲಿ ಅಂಗಡಿಯವನು ಸುಮ್ಮನೆ ನಕ್ಕರೆ ಗಿರಾಕಿ ಮೊದಲು ತಕ್ಕಡಿ ನೋಡುತ್ತಾನೆ.

ಮೊದಲ ಪರೀಕ್ಷೆ ನಮ್ಮೂರ ಮಾಣಿಕಪ್ಪನದು. ಅವನು ನನ್ನನ್ನು ಕಂಡದ್ದೇ ಮುಖವರಳಿಸಿ ನಕ್ಕ. ಕೇಳುವ ಮೊದಲೇ ಪೊಟ್ಟಣ ಕೈಗಿಟ್ಟ. ಇದನ್ನು ಕುಡಿದರೆ ಮುಪ್ಪು ಬರುವುದಿಲ್ಲ ಎಂದ. ಬಿಡಿ ಚಹಾಪುಡಿಗೆ ಹುರಿದ ಕಡಲೆ ಸಿಪ್ಪೆಯನ್ನು ಪುಡಿಮಾಡಿ ಬೆರೆಸುವುದರಲ್ಲಿ ಈ ಮಾಣಿಕಪ್ಪನದು ಎತ್ತಿದ ಕೈ ಎಂಬುದು ಊರಿಗೆಲ್ಲ ಗೊತ್ತು. ಆದರೆ ಫಾರಮಿನಲ್ಲಿ ಕಡಲೆ ಸಿಪ್ಪೆಗೆ ಮನೆ ಇರಲಿಲ್ಲ. ಎಲ್ಲದಕ್ಕೂ ಹೌದು ಎಂದು ಗೀಟು ಹಾಕಿದೆ.

ಎರಡನೆಯದು ಹುಮನಾಬಾದಿನ ಖಾಸಿಂಸಾಬರ ಅಂಗಡಿ. ಅಲ್ಲಿ ನನ್ನನ್ನು ಯಾರೂ ಗುರುತಿಸಬಾರದೆಂದು ಮದುವೆಯ ಕಾಲದ ಕೋಟನ್ನು ತೊಟ್ಟು, ತಲೆಗೆ ರುಮಾಲು ಸುತ್ತಿ ಬಸ್ಸು ಹತ್ತಿದೆ. ಹಿಂದೆ ಶಾಲೆಯಲ್ಲಿ ನನ್ನ ಕೈಲಿ ಏಟು ತಿಂದಿದ್ದ ಹುಡುಗನೊಬ್ಬನ ಅಜ್ಜಿ, ದುಬಲಗುಂಡಿಯ ಮುದುಕಿ, ಅದೇ ಬಸ್ಸಿನಲ್ಲಿದ್ದಳು. ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು: "ಏ ಮಾಸ್ತರ, ಇಷ್ಟು ಸಿಂಗಾರ ಮಾಡ್ಕೊಂಡು ಎಲ್ಲಿ ಹೊಂಟೀರಿ? ಮತ್ತೊಂದು ಹೆಣ್ಣು ನೋಡಾಕೇನು?" ನನ್ನ ಗುಪ್ತತನ ಊರ ಹೊರಗಿನ ನಾಲೆ ದಾಟುವ ಮೊದಲೇ ಮುಗಿಯಿತು.

ಖಾಸಿಂಸಾಬರು ಬಸ್ ನಿಲ್ದಾಣದ ಹತ್ತಿರ ಬಹಳ ವರ್ಷಗಳಿಂದ ಅಂಗಡಿ ಇಟ್ಟುಕೊಂಡಿದ್ದವರು. ಹಿಂದಿನ ವರ್ಷ ನಿಜಾಮರ ರಾಜ್ಯ ಹೋದಾಗಿನ ಗಲಾಟೆಯಲ್ಲಿ ಅವರ ಅರ್ಧ ಗಿರಾಕಿಗಳು ದಿಕ್ಕಾಪಾಲಾಗಿದ್ದರು. ಕಂಪನಿಯ ಏಜೆನ್ಸಿಯ ಬೋರ್ಡು ನೋಡಿ ಇಳಿದು ಬರುವ ಬಸ್ಸಿನ ಜನರಿಂದಲೇ ಅಂಗಡಿ ಉಸಿರಾಡುತ್ತಿತ್ತು. ನಾನು ಹೋದಾಗ ಅವರು ಘಾಟಬೋರಾಳದ ಒಬ್ಬ ಹೆಂಗಸಿಗೆ ಬೆಲ್ಲ ತೂಗುತ್ತಿದ್ದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಕೋಟು ತೊಟ್ಟವನನ್ನು ಕಾಯಿಸುವುದೆಂದರೇನು ಎಂದು ನನಗೆ ಅಲ್ಲಿಯೇ ಸಿಟ್ಟು ಬಂತು. ಅವಳು ಹೋದ ಮೇಲೆ ಅವರು ಮುಖ ಗಂಟಿಕ್ಕಿಕೊಂಡೇ ಕೇಳಿದರು:

"ಏನ್ ಬೇಕ್ರಿ?"

"ಚಹಾಪುಡಿ. ಅಲ್ಲಿ ಕಾಣ್ತದಲ್ಲ, ಆ ಪೊಟ್ಟಣ."

"ಅದು ಒಯ್ಯಬ್ಯಾಡ್ರಿ. ಮಳಿಗಾಲದಾಗ ಬಂದ ಮಾಲು, ಮುಗ್ಗಲ ವಾಸನಿ ಹೊಡ್ಯಾಕತ್ತದ. ವಾಪಸ್ ಒಯ್ರಿ ಅಂತ ಕಂಪನಿಗೆ ಎರಡು ಕಾಗದ ಹಾಕೀನಿ. ಜವಾಬ್ ಇಲ್ಲ."

"ಇರ್ಲಿ ಕೊಡ್ರಿ ಚಾಚಾ, ನನಗ ನಡೀತದ."

"ನಿಮಗ ನಡೀತದ. ನನಗ ನಡ್ಯಂಗಿಲ್ಲ."

ಕೊಡಲೇ ಇಲ್ಲ. ಮನೆಗೆ ಬಂದು ಫಾರಮು ಬಿಡಿಸಿಕೊಂಡು ಕುಳಿತೆ. ಮುಗುಳ್ನಕ್ಕನೇ? ಇಲ್ಲ. ತಾನಾಗಿ ತೋರಿಸಿದನೇ? ಇಲ್ಲ. ಹುರಿದುಂಬಿಸಿದನೇ? ಇಲ್ಲವೇ ಇಲ್ಲ. ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿದ ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಂಥಾ ಖರೇ ಮನಷ್ಯಾಗ ಎಲ್ಲಾ ಇಲ್ಲ ಅಂತ ಬರದೀರಿ?"

"ಕೇಳಿದ್ದಕ್ಕ ಉತ್ತರ ಬರದೀನಿ. ಖರೇ ಮನಷ್ಯಾ ಅಂತ ಬರಿಯಾಕ ಇದರಾಗ ಜಾಗಾ ಇಲ್ಲ."

"ಕಾಗದಕ್ಕ ಹಿಂದಿನ ಮಗ್ಗಲು ಇಲ್ಲೇನ್ರಿ?"

ಇತ್ತು. ಹಾಲಿನಂತೆ ಬೆಳ್ಳಗಿತ್ತು. ಆದರೆ ಕೇಳದ್ದನ್ನು ಬರೆದು ಹೊಸ ಧಣಿಗಳ ಮನಸ್ಸು ಕೆಡಿಸುವುದೇಕೆ? ನಾನು ಸತ್ಯವನ್ನೇ ಬರೆದಿದ್ದೆ, ಒಂದು ಸುಳ್ಳೂ ಇರಲಿಲ್ಲ. ಸತ್ಯವನ್ನೇ ಹೇಳಿ ಒಬ್ಬನ ಅನ್ನಕ್ಕೆ ಕಲ್ಲು ಹಾಕಬಹುದು ಎಂಬ ವಿದ್ಯೆಯನ್ನು ನಾನು ಕಲಿತದ್ದು ಆ ದಿನ.

ಒಂದು ತಿಂಗಳಿಗೆ ಖಾಸಿಂಸಾಬರ ಏಜೆನ್ಸಿ ರದ್ದಾಯಿತು. ಬೋರ್ಡು ಇಳಿಯಿತು, ಪೊಟ್ಟಣಗಳನ್ನು ಕಂಪನಿಯವರು ಹೊತ್ತೊಯ್ದರು. ಅದೇ ವಾರ ನನ್ನ ಸಂಬಳ ಅಂಚೆಯಲ್ಲಿ ಬಂತು. ನೀಲಮ್ಮ ಕೂಡಲೇ ನೀರು ಕಾಯಿಸಿ, ಪುಡಿ ಹಾಕಿ, ಸೋಸಿ, ತಾನೊಂದು ಗುಟುಕು ಕುಡಿದು ನೋಡಿ ಬಟ್ಟಲನ್ನು ನನ್ನ ಮುಂದೆ ಸರಿಸಿದಳು.

"ನಿಮ್ಮ ಪಗಾರ ಅದರಿ. ಕುಡ್ರಿ."

ನೆನೆದ ಗೋಣಿತಟ್ಟನ್ನು ಕುದಿಸಿ ಸಕ್ಕರೆ ಹಾಕಿದಂತಿತ್ತು. ಹುಮನಾಬಾದಿನಿಂದ ಹೊತ್ತೊಯ್ದ ಮಾಲು ಎಲ್ಲಿಗೆ ಹೋಯಿತೆಂದು ಕೇಳಲು ಕಂಪನಿಗೆ ಕಾಗದ ಹಾಕುವ ಅಗತ್ಯವೇ ಬೀಳಲಿಲ್ಲ.

ಮೂರನೆಯ ದಿನ, ಈ ಸಲ ಕೋಟಿಲ್ಲದೆ, ಹುಮನಾಬಾದಿಗೆ ಹೋದೆ. ಅಂಗಡಿಯಲ್ಲಿ ಮೊದಲಿನ ಜನ ಇರಲಿಲ್ಲ. ಖಾಸಿಂಸಾಬರ ಎದುರು ನಿಂತು, ನಾನು ಕಲ್ಯಾಣಿಯ ಮಾಸ್ತರ, ನಿಮ್ಮ ಮೇಲೆ ವರದಿ ಬರೆದವನು ನಾನೇ ಎಂದುಬಿಟ್ಟೆ. ಅವರು ಬೈಯುತ್ತಾರೆ, ನಾನು ತಲೆ ತಗ್ಗಿಸಿ ಕೇಳುತ್ತೇನೆ, ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಅದೂ ಪುಕ್ಕಟೆಯಾಗಿ ಸಿಗಲಿಲ್ಲ.

"ನನಗ ಅವತ್ತೇ ಗೊತ್ತಿತ್ರಿ ಮಾಸ್ತರ," ಎಂದರು. "ಚಹಾ ಕೊಳ್ಳಾವ್ರು ಚಹಾ ನೋಡ್ತಾರ. ನೀವು ನನ್ನ ಮುಖಾ ನೋಡಾಕತ್ತಿದ್ರಿ."

"ಗೊತ್ತಿದ್ದೂ ಆ ಪೊಟ್ಟಣ ಯಾಕ ಕೊಡಲಿಲ್ಲ ಚಾಚಾ?"

"ಕಂಪನಿಯವ್ರು ಕಳಸಿದ್ರ ನಿಮಗೇನು ಹೊಟ್ಟಿ ಇರಂಗಿಲ್ಲೇನ್ರಿ? ಮುಗ್ಗಿದ್ದು ಯಾರು ಕುಡದ್ರೂ ಮುಗ್ಗಿದ್ದೇ."

ಪರೀಕ್ಷಕನ ಚಟ ಸುಮ್ಮನಿರಗೊಡಲಿಲ್ಲ. "ಒಂದೀಟು ನಕ್ಕಿದ್ರ ಅರ್ಧ ಮಾರ್ಕ್ಸ್ ಆದ್ರೂ ಬರ್ತಿದ್ವು," ಎಂದೆ.

"ದವಡಿ ಹಲ್ಲು ಬ್ಯಾನಿ ಮಾಡಾಕತ್ತಿತ್ರಿ. ಹ್ಯಾಂಗ ನಗ್ಲಿ?" ಎಂದು ಬಾಯಿ ತೆರೆದು, ಹಲ್ಲು ಕೀಳಿಸಿಕೊಂಡ ಜಾಗವನ್ನು ತೋರಿಸಿದರು. ಆಮೇಲೆ ನಕ್ಕರು. ಬಿಡಿ ಚಹಾಪುಡಿಯಲ್ಲಿ ಒಂದು ಬಟ್ಟಲು ಚಹಾ ಮಾಡಿಸಿ ಕುಡಿಸಿದರು. ಅಂಥ ಚಹಾವನ್ನು ನಾನು ಕುಡಿದಿರಲಿಲ್ಲ.

ಆ ದಿನವೇ ಎಲ್ಲವನ್ನೂ ವಿವರವಾಗಿ ಬರೆದು ಕಂಪನಿಗೆ ಕಳುಹಿಸಿದೆ, ಫಾರಮಿನ ಹಿಂದಿನ ಮಗ್ಗುಲಲ್ಲಿ. ಉತ್ತರ ಬಂತು: ವರದಿ ನಿಗದಿತ ನಮೂನೆಯಲ್ಲಿ ಇಲ್ಲವಾದ್ದರಿಂದ ಪರಿಶೀಲಿಸಲಾಗದು. ಆದರೂ ತಮ್ಮ ಶ್ರದ್ಧೆಯನ್ನು ಮೆಚ್ಚಿ ಚಿಟಗುಪ್ಪದ ಅಂಗಡಿಗಳನ್ನೂ ತಮಗೇ ವಹಿಸಲಾಗಿದೆ. ಇನ್ನು ಮುಂದೆ ಪೊಟ್ಟಣದ ಜೊತೆ ಬಿಸ್ಕತ್ತಿನ ಡಬ್ಬಿಯೂ ಬರುವುದು. ಖಾಸಿಂಸಾಬರು ಬಿಡಿ ಚಹಾವನ್ನೇ ಮಾರುತ್ತ ಕೆಲವು ತಿಂಗಳಲ್ಲಿ ಮತ್ತೆ ಗಿರಾಕಿಗಳನ್ನು ಕೂಡಿಸಿಕೊಂಡರು. ಅದರಲ್ಲಿ ನನ್ನ ಕೈವಾಡವೇನೂ ಇಲ್ಲ.

ಕಂಪನಿಯ ಆ ಉತ್ತರದ ಲಕೋಟೆ ಶಾಲೆಯ ವಿಳಾಸಕ್ಕೆ ಬಂದು, ಮೊದಲು ಹೆಡ್ ಮಾಸ್ತರರೇ ಒಡೆದು ಓದಿದ್ದರು. ಅವರು ನನ್ನನ್ನು ಕರೆಸಿ ಬಾಗಿಲು ಮುಂದೆ ಮಾಡಿದಾಗ ಸರಕಾರಿ ನೌಕರಿಯೂ ಹೋಯಿತೆಂದುಕೊಂಡೆ. ಅವರು ದನಿ ತಗ್ಗಿಸಿ ಕೇಳಿದರು: "ಏನ್ರೀ, ಈ ಗುಪ್ತ ಗಿರಾಕಿ ಉದ್ಯೋಗ ಖರೇ ಅದನೋ, ಮೋಸನೋ? ಮಾಡಾಕ ಯೋಗ್ಯ ಅದನ? ನಾನೂ ಒಂದು ಅರ್ಜಿ ಹಾಕ್ಬೇಕಂತ ಮಾಡೀನಿ."

ನಾನು ಎದೆಯ ಮೇಲೆ ಕೈಯಿಟ್ಟು ಹೇಳಿದೆ: "ಪೂರಾ ಮೋಸ ಅದರಿ ಸಾಹೇಬ್ರ. ಮನಷ್ಯಾ ಅನ್ನವ ಮಾಡೋ ಕೆಲಸ ಅಲ್ರಿ ಅದು."

ಬರುವ ಭಾನುವಾರ ಚಿಟಗುಪ್ಪದ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಂಡೇ ಮನೆಗೆ ಹೋದೆ.