ಗಿರಣಿ ಅತ್ತೆಯ ಗಂಟಲು

ನಮ್ಮ ಸೋದರತ್ತೆಗೆ ಫೋನಿನ ಅಗತ್ಯವೇ ಇರಲಿಲ್ಲ. ಬಬಲೇಶ್ವರದಲ್ಲಿ ನಿಂತು ಆಕೆ ಒಂದು ಮಾತಾಡಿದರೆ ವಿಜಯಪುರದಲ್ಲಿ ಕೇಳಿಸುತ್ತಿತ್ತು. ಉತ್ಪ್ರೇಕ್ಷೆ ಅಂದಿರಾ? ಆಗಲಿ, ವಿಜಯಪುರ ಬಿಡಿ. ತಿಕೋಟಾದವರೆಗಂತೂ ಖಂಡಿತ! ಅದಕ್ಕಿಂತ ಕಡಿಮೆಗೆ ನಾನು ಇಳಿಯುವವನಲ್ಲ.

ಅತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಬಬಲೇಶ್ವರಕ್ಕೆ ಹೋದವಳು, ಗಂಡ ಬೇಗ ತೀರಿಕೊಂಡ ಮೇಲೆ ಅವನ ಹಿಟ್ಟಿನ ಗಿರಣಿಯನ್ನು ತಾನೇ ನಡೆಸಿದಳು. ಮಕ್ಕಳಿರಲಿಲ್ಲ. ಗಿರಣಿ ತಿರುಗುವಾಗ ಹೊರಗೆ ಗುಡುಗಿದರೂ ಒಳಗೆ ಕೇಳಿಸದು. ಆ ಸದ್ದಿನ ಮೇಲೆ ಮೂವತ್ತು ವರ್ಷ ಮಾತಾಡಿದ ಗಂಟಲು ಅದು. ಸಂಜೆ ಗಿರಣಿ ನಿಲ್ಲುತ್ತಿತ್ತು, ಗಂಟಲು ನಿಲ್ಲುತ್ತಿರಲಿಲ್ಲ. ಗಿರಾಕಿಗಳನ್ನು ಮಾತಾಡಿಸುವ ಪದ್ಧತಿಯಂತೂ ಇನ್ನೂ ವಿಚಿತ್ರ. ಯಾರೇ ಬರಲಿ, ಮೊದಲು ಗದ್ದ ಹಿಡಿದು ಅವರ ಮುಖವನ್ನು ತನ್ನ ಕಡೆ ತಿರುಗಿಸಿಕೊಳ್ಳುವಳು. ಆಮೇಲೆ ಒಂದು ಮುಷ್ಟಿಯಲ್ಲಿ ಜೋಳ, ಇನ್ನೊಂದರಲ್ಲಿ ಗೋಧಿ ಎತ್ತಿ ಹಿಡಿದು, "ಯಾವದು ಮೊದಲ ಹಾಕ್ಲಿ? ಜ್ವಾಳಾನೋ, ಗೋದಿನೋ?" ಎಂದು ಕೇಳುವಳು. ಉತ್ತರ ಬರುವವರೆಗೆ ಮುಷ್ಟಿ ಇಳಿಯುತ್ತಿರಲಿಲ್ಲ. ಊರಿನ ಸಾಲಿಯ ಹೆಡ್‌ಮಾಸ್ತರರ ಗದ್ದವೂ ಆಕೆಯ ಕೈಯಲ್ಲಿ ತಿರುಗಿದ್ದುಂಟು. ಪಾಪ, ಮೀಸೆಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳದೆಯೇ ಅವರು ಪ್ರಾರ್ಥನೆ ಮಾಡಿಸಲು ಹೋಗಿದ್ದರಂತೆ!

ಒಮ್ಮೆ ವಿಜಯಪುರದ ಬಸ್ಸು ಅತ್ತೆಯನ್ನು ಬಿಟ್ಟು ಹೊರಟುಬಿಟ್ಟಿತು. ಆಕೆ ಓಡಲಿಲ್ಲ. ನಿಂತಲ್ಲಿಂದಲೇ, "ಏ ಡ್ರೈವರಾ, ನಿಂದರೋ!" ಎಂದಳು. ಬಸ್ಸು ನಿಂತಿತು. ಎದುರಿನಿಂದ ಬರುತ್ತಿದ್ದ ಜೀಪೂ ನಿಂತಿತು. ಸಂತೆಯಲ್ಲಿ ಕೂತು ಮೆಣಸಿನಕಾಯಿ ತೂಗುತ್ತಿದ್ದವನು ತಕ್ಕಡಿ ಕೆಳಗಿಟ್ಟು ಎದ್ದು ನಿಂತ. ಯಾಕೆ ನಿಂತೆ ಎಂದರೆ ಅವನಿಗೇ ಗೊತ್ತಿರಲಿಲ್ಲ.

ನನಗೆ ಹೆಣ್ಣು ನೋಡಲು ತಿಕೋಟಾಕ್ಕೆ ಹೋದ ದಿನವನ್ನು ಹೇಳದಿದ್ದರೆ ಹೇಗೆ? ಅಪ್ಪ ದಾರಿಯುದ್ದಕ್ಕೂ ಬೇಡಿಕೊಂಡಿದ್ದ. "ಅಕ್ಕಾ, ಇವತ್ತೊಂದಿನ ಸಣ್ಣಗ ಮಾತಾಡಬೇ." ಅತ್ತೆ ಒಪ್ಪಿದಳು. ಅವರ ಮನೆಯಲ್ಲಿ ಅರ್ಧ ಗಂಟೆ ತುಟಿ ಬಿಗಿಹಿಡಿದು ಕೂತಳು ಕೂಡ. ಅವಲಕ್ಕಿಯ ತಟ್ಟೆ ಕೈಗೆ ಬಂದ ಮೇಲೆ ತಡೆಯಲಾಗಲಿಲ್ಲ. ನನ್ನ ಕಿವಿಗೆ ಬಾಯಿ ಹಚ್ಚಿ ಗುಟ್ಟು ಹೇಳಿದಳು: "ಹುಡುಗಿ ಬಂಗಾರದಂಥಾಕಿ ಅದಾಳ. ನಿನ್ನ ಮಾರಿಗೆ ಇದಕ್ಕಿಂತ ಛಲೋದು ಸಿಗೂದಿಲ್ಲ. ಸುಮ್ಮನ ಹೂಂ ಅನ್ನಲೇ ತಮ್ಮಾ!" ಅಡುಗೆಮನೆಯಿಂದ ಕಿಸಕ್ಕನೆ ನಗು ಕೇಳಿಸಿತು. ಪಕ್ಕದ ಮನೆಯಿಂದಲೂ ಕೇಳಿಸಿತು. ನನ್ನ ಒಪ್ಪಿಗೆಯನ್ನು ಆಮೇಲೆ ಯಾರೂ ಕೇಳಲೇ ಇಲ್ಲ. ಅಡುಗೆಮನೆಯಲ್ಲಿ ನಕ್ಕವಳೇ ಈಗ ನನ್ನ ಹೆಂಡತಿ.

ಇಲ್ಲಿಗೆ ನಿಲ್ಲಿಸಿದರೆ ಇದು ನಗುವ ಕತೆ. ನಿಲ್ಲಿಸಬಹುದಿತ್ತು. ಆದರೆ ಮುಂದಿನದನ್ನು ಹೇಳದೆ ಅತ್ತೆಯನ್ನು ಆಡಿಕೊಂಡು ನಗಲು ನನಗೆ ಈಗ ಬಾಯಿ ಬರುವುದಿಲ್ಲ.

ನಮಗೆ ಮಗಳು ಹುಟ್ಟಿದಳು. ಗಂಡ ಹೆಂಡತಿ ಇಬ್ಬರೂ ನೌಕರಿಯವರು, ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಕೂಸನ್ನು ನೋಡಿಕೊಳ್ಳುವವರು ಯಾರು? ಕೇಳುವ ಮೊದಲೇ ಅತ್ತೆ ಗಿರಣಿಯನ್ನು ಮೈದುನನ ಕೈಗೆ ಕೊಟ್ಟು ಗಂಟು ಕಟ್ಟಿಕೊಂಡು ಬಂದಳು. ನಮ್ಮ ಓಣಿಯವರು ಅಂದಿನಿಂದ ಅಲಾರಾಂ ಇಡುವುದನ್ನು ಬಿಟ್ಟರು. ಬೆಳಿಗ್ಗೆ ಅತ್ತೆ ಕೂಸನ್ನು ಎಬ್ಬಿಸಿದರೆ ಸಾಕು, ನಾಲ್ಕು ಮನೆಗಳಲ್ಲಿ ಚಹಾಕ್ಕೆ ನೀರು ಏರುತ್ತಿತ್ತು.

ಮಗಳಿಗೂ ಅತ್ತೆಯೇ ಆಯಿ, ಅಜ್ಜಿ; ಆಯಿ ಎಂದರೆ ಪ್ರಾಣ. ನಾನು ಆಫೀಸಿನಿಂದ ಬಂದು, "ಪುಟ್ಟೀ, ಬಾ ಇಲ್ಲಿ" ಎಂದರೆ ಹೊರಳಿಯೂ ನೋಡುತ್ತಿರಲಿಲ್ಲ. ಹೆಂಡತಿ ಕರೆದರೂ ಅಷ್ಟೇ. ಆದರೆ ಅತ್ತೆ ಅಡುಗೆಮನೆಯಿಂದ ಒಮ್ಮೆ ಗರ್ಜಿಸಿದಳೋ, ಕೂಸು ಕೇಕೆ ಹಾಕಿ ತೆವಳಿಕೊಂಡು ಹೋಗುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೆತ್ತವನಿಗಿಲ್ಲದ ಮರ್ಯಾದೆ ಗಿರಣಿಗೆ!

ಅತ್ತೆ ಕೂಸಿನ ಜೊತೆಗೂ ಗಿರಣಿಯ ಪದ್ಧತಿಯನ್ನೇ ನಡೆಸಿದಳು. ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸುವುದು, ಎರಡೂ ಕೈ ಎತ್ತುವುದು, "ಬೆಲ್ಲಾನೋ, ಬಾಳಿಹಣ್ಣೋ?" ಎನ್ನುವುದು, ಕಾಯುವುದು. ಮಗಳು ಬೆಲ್ಲದ ಕೈಯನ್ನು ಮುಟ್ಟುತ್ತಿದ್ದಳು. ಮಾತು ಮಾತ್ರ ಬರಲಿಲ್ಲ.

ಎರಡು ವರ್ಷವಾಯಿತು, ಬರಲಿಲ್ಲ. ಎರಡೂವರೆಯಾಯಿತು, ಬರಲಿಲ್ಲ. ಆದರೆ ಸಲಹೆಗಳು ಬಂದವು ನೋಡಿ, ಅವಕ್ಕೇನು ಬರವೇ? ಒಬ್ಬರು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿರಿ ಎಂದರು. "ನಿಮ್ಮ ಅಪ್ಪಾನೂ ನಾಕ ವರ್ಷಕ್ಕ ಮಾತಾಡಿದ್ದ, ಆಮ್ಯಾಲೆ ಬಾಯಿ ಮುಚ್ಚಲಿಲ್ಲ" ಎಂದು ಇನ್ನೊಬ್ಬರು ಧೈರ್ಯ ಹೇಳಿದರು. ಗಿಣಿ ಕಚ್ಚಿದ ಪೇರಲಹಣ್ಣು ತಿಂದರೆ ಮಾತು ಬರುತ್ತದೆಂದು ತಿಕೋಟಾದ ಬೀಗರು ಒಂದು ಚೀಲ ತುಂಬ ಕಳಿಸಿದರು. ಅಷ್ಟು ಗಿಣಿಗಳು ತಿಕೋಟಾದಲ್ಲಿ ಎಲ್ಲಿಂದ ಬಂದವು? ನೋಡಿದರೆ ಅರ್ಧಕ್ಕರ್ಧ ಹಣ್ಣುಗಳ ಮೇಲೆ ನನ್ನ ಭಾವಮೈದುನನ ಮುಂದಿನ ಹಲ್ಲಿನ ಗುರುತು!

ಅತ್ತೆ ಒಬ್ಬಳೇ ಬೇರೆ ಮಾತು ಆಡಿದಳು. "ತಮ್ಮಾ, ನೀ ಕರದ್ರ ಕೂಸು ಯಾಕ ಹೊಳ್ಳಿ ನೋಡೂದಿಲ್ಲ? ಒಮ್ಮಿ ಕಿವಿ ತೋರಸಲೇ."

ನಾನು ನಕ್ಕೆ. "ರೈಲು ಕೂಗಿದ್ರ ಕಿಟಕಿಗೆ ಓಡತಾಳ. ಕುಕ್ಕರ್ ಸೀಟಿ ಹೊಡದ್ರ ಅಳತಾಳ. ಕಿವಿಗೇನಾಗೇತಿ ಅತ್ತಿ? ನೀನ ಮುದ್ದು ಮಾಡಿ ಸೊಕ್ಕ ಹಚ್ಚೀದಿ."

ಅಷ್ಟರಲ್ಲಿ ನನ್ನ ಫೋನಿನಲ್ಲಿ ಯಾರೋ ಒಬ್ಬ ಪಂಡಿತ ಸಿಕ್ಕಿದ. ಮನೆಯಲ್ಲಿ ಒಬ್ಬರೇ ವಟವಟ ಮಾತಾಡುತ್ತಿದ್ದರೆ ಮಗುವಿಗೆ ಮಾತಾಡಲು ಅವಕಾಶವೇ ಸಿಗುವುದಿಲ್ಲ ಎಂದ. ನನಗೆ ಅಷ್ಟೇ ಬೇಕಾಗಿತ್ತು. ಒಂದು ಸಂಜೆ ಅತ್ತೆ ಎಂದಿನಂತೆ ಎರಡೂ ಕೈ ಎತ್ತಿ, "ಬೆಲ್ಲಾನೋ..." ಎನ್ನುತ್ತಿದ್ದಳು. ಬಾಗಿಲಲ್ಲೇ ನಿಂತು ಅಂದುಬಿಟ್ಟೆ: "ಸಾಕು ಮಾಡಬೇ ಅತ್ತಿ! ನಿನ್ನ ಬಾಯಿ ಕೇಳಿ ಕೇಳಿನ ಕೂಸಿನ ಬಾಯಿ ಕಟ್ಟೇತಿ!"

ಅತ್ತೆಯ ಕೈಗಳು ಮೇಲೆಯೇ ಉಳಿದವು. ಒಂದರಲ್ಲಿ ಬೆಲ್ಲ, ಒಂದರಲ್ಲಿ ಬಾಳೆಹಣ್ಣು. ಆಮೇಲೆ ಎರಡನ್ನೂ ಕೂಸಿನ ಮುಂದಿಟ್ಟು ಒಳಗೆ ಹೋದಳು. ತಿಕೋಟಾದ ಆ ಅರ್ಧ ಗಂಟೆ ಬಿಟ್ಟರೆ, ನನಗೆ ಬುದ್ಧಿ ತಿಳಿದ ಮೇಲೆ ಆಕೆ ಸುಮ್ಮನಾದದ್ದನ್ನು ನಾನು ಮೊದಲ ಸಲ ಕಂಡದ್ದು ಅಂದೇ. ಮರುದಿನ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹತ್ತಿದಳು. ಓಣಿಯಲ್ಲಿ ಅಂದು ಎಲ್ಲರೂ ತಡವಾಗಿ ಎದ್ದರು.

ಮನೆ ಶಾಂತವಾಯಿತು. ನಾನೂ ಹೆಂಡತಿಯೂ ಮಗಳ ಜೊತೆ ಮೆತ್ತಗೆ, ಮಧುರವಾಗಿ ಮಾತಾಡತೊಡಗಿದೆವು. ಎಂಟು ತಿಂಗಳು ಹಾಗೆಯೇ ಮಾತಾಡಿದೆವು, ಎಷ್ಟು ಜಾಣರು ನೋಡಿ! ಮಗಳು ಒಂದು ಮಾತನ್ನೂ ಆಡಲಿಲ್ಲ, ಮೇಲಾಗಿ ಕೇಕೆ ಹಾಕುವುದನ್ನೂ ಬಿಟ್ಟಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಳಗೆ ನೋಡುತ್ತಿದ್ದಳು.

ಕೊನೆಗೆ ಅಂಗನವಾಡಿ ಟೀಚರು ಹಟ ಹಿಡಿದದ್ದರಿಂದ ಕಿವಿ ಪರೀಕ್ಷೆ ಮಾಡಿಸಿದೆವು. ಪರೀಕ್ಷೆ ಮಾಡಿದ ಮೇಡಂ ಒಂದು ಹಾಳೆ ಮುಂದಿಟ್ಟರು. ಅದರ ಮೇಲೆ ಎರಡು ಗೆರೆ, ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. "ನಾವು ನೀವು ಮಾತಾಡೂದು ಇಷ್ಟ ಜೋರ ಇರತೈತ್ರಿ. ಈಕಿಗೆ ಕೇಳಸಾಕ ಶುರು ಆಗೂದು ಇಲ್ಲಿಂದ. ರೈಲು ಕೇಳತೈತಿ, ಕುಕ್ಕರ್ ಕೇಳತೈತಿ. ನಿಮ್ಮ ಮಾತು ಕೇಳಸಾಂಗಿಲ್ಲ."

ನಾನು ಎರಡು ಗೆರೆಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆದೆ.

"ಆದ್ರೂ ಈಕಿ ಭಾಳ ಶಾಣ್ಯಾಕಿ ಅದಾಳ್ರಿ" ಎಂದರು ಮೇಡಂ. "ಮುಖ ನೋಡತಾಳ. ಎರಡು ಸಾಮಾನ ಹಿಡದ್ರ ಆರಿಸಿ ಮುಟ್ಟತಾಳ. ಇದನ್ನ ಕಲಸಾಕ ನಮಗ ತಿಂಗಳುಗಟ್ಟಲೆ ಬೇಕು. ಯಾರು ಕಲಿಸ್ಯಾರ್ರಿ? ಮನ್ಯಾಗ ಜೋರ ಮಾತಾಡೋರು ಯಾರರ ಅದಾರೇನ್ರಿ?"

"ಇದ್ದರ್ರಿ" ಎಂದೆ.

"ಮತ್ತ ಅವರ ಧ್ವನಿ ಒಂದ ನೋಡ್ರಿ ಈಕಿಗೆ ಕೇಳಿದ್ದು."

ನನ್ನ ಮಗಳ ಪಾಲಿಗೆ ಈ ಜಗತ್ತಿನಲ್ಲಿ ಮಾತಾಡುತ್ತಿದ್ದವಳು ಒಬ್ಬಳೇ ಇದ್ದಳು. ಅವಳನ್ನು ನಾನೇ ಬಸ್ಸು ಹತ್ತಿಸಿದ್ದೆ.

ಎರಡೂ ಕಿವಿಗೆ ಕೇಳಿಸುವ ಮಷೀನುಗಳು ಬಂದವು. ಮನೆಯಲ್ಲಿ ದಿನಾ ಏನು ಮಾಡಬೇಕೆಂದು ಮೇಡಂ ಬರೆದುಕೊಟ್ಟರು. ಎದುರಿಗೆ ಕೂಡಿರಿ, ಮಗು ನಿಮ್ಮ ಮುಖ ನೋಡುವಂತೆ ಮಾಡಿರಿ, ಎರಡು ವಸ್ತು ಹಿಡಿದು ಕೇಳಿರಿ, ಕಾಯಿರಿ. ಅದನ್ನು ಓದಿ ಹೆಂಡತಿ ನನ್ನ ಮುಖ ನೋಡಿದಳು. ಬಬಲೇಶ್ವರದ ಗಿರಣಿಯಲ್ಲಿ ಮೂವತ್ತು ವರ್ಷದಿಂದ ನಡೆದದ್ದನ್ನೇ ಮೇಡಂ ಚಂದಾಗಿ ಬರೆದುಕೊಟ್ಟಿದ್ದರು. ನಾನು ಎರಡೂ ಕೈ ಎತ್ತಿ ಕೂರತೊಡಗಿದೆ. ಮೂರು ತಿಂಗಳಾದ ಮೇಲೆ ಒಂದು ದಿನ ಮಗಳು ಬಾಯಿ ಬಿಟ್ಟಳು. "ಬೆಲ್ಲಾ!" ಅತ್ತೆಯದೇ ಎಳೆತ, ಅತ್ತೆಯದೇ ಗರ್ಜನೆ. ಹೆಂಡತಿ ಕುಣಿದಳು. ನನಗೆ ಕುಣಿಯಲಾಗಲಿಲ್ಲ.

ಅಷ್ಟು ದಿನ ಬಬಲೇಶ್ವರಕ್ಕೆ ಹೋಗಲು ನನಗೆ ಮುಖವಿರಲಿಲ್ಲ. ಆ ರವಿವಾರ ಮಗಳನ್ನು ಕರೆದುಕೊಂಡು ಹೋದೆ. ಗಿರಣಿಯ ಬಾಗಿಲಲ್ಲಿ ಅತ್ತೆಯ ಮೈದುನ ಸಿಕ್ಕ. "ಏನ್ ಮಾಡೀರಿ ನಮ್ಮ ವೈನಿಗೆ? ನಿಮ್ಮ ಊರಿಂದ ಬಂದಾಗಿಂದ ಪಿಸುಪಿಸು ಮಾತಾಡತಾಳ. ಗಿರಾಕಿಗೆ ಒಂದೂ ಕೇಳೂದಿಲ್ಲ."

ಅತ್ತೆ ಒಳಗಿನಿಂದ ಬಂದಳು. ಮಗಳನ್ನು ಕಂಡು ಬಾಯಿ ತೆರೆದವಳು ತಟ್ಟನೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮಾತಾಡ ಅತ್ತಿ" ಎಂದೆ. ಕಿವಿಯ ಸಂಗತಿ ಹೇಳಿದೆ. "ತಪ್ಪು ನಂದು" ಎಂದೂ ಹೇಳಿದೆ.

"ಹೋಗಲಿ ಬಿಡೋ" ಎಂದು ಪಿಸುಗುಟ್ಟಿದಳು. "ಕೂಸು ಈಗಷ್ಟ ಕಲಿಯಾಕತ್ತೇತಿ. ಮತ್ತ ನನ್ನ ಬಾಯಿ ಅಡ್ಡ ಬಂದೀತು."

ಮಗಳು ಆಕೆಯ ಮುಚ್ಚಿದ ಬಾಯಿಯನ್ನು ದಿಟ್ಟಿಸಿದಳು. ಹತ್ತಿರ ಹೋದಳು. ಸೆರಗನ್ನು ಸರಿಸಿ, ಅತ್ತೆಯ ಗದ್ದ ಹಿಡಿದು, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಕೂಗಿದಳು: "ಆಯೀ! ಬೆಲ್ಲಾ!"

ಅತ್ತೆ ಅವಳನ್ನು ಎತ್ತಿ ಎದೆಗೆ ಅವುಚಿಕೊಂಡಳು.

ಈಗ ಪ್ರತಿ ರವಿವಾರ ಮಗಳನ್ನು ಅಲ್ಲಿ ಬಿಟ್ಟು ನಾನು ಸಂತೆಯ ಕಡೆ ತಿರುಗಾಡಿ ಬರುತ್ತೇನೆ. ನಾನು ಅತ್ತ ಹೋದ ಮೇಲೆ ಅತ್ತೆಯ ಹಳೆಯ ಗಂಟಲು ವಾಪಸು ಬರುತ್ತದೆ. ಮಾತಿನ ಪಾಠ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸುತ್ತದೆ ಎಂದು ಊರವರು ನಗುತ್ತಾರೆ. ಆದರೆ ನಾನು ಒಳಗೆ ಕಾಲಿಟ್ಟೊಡನೆ ಆ ಧ್ವನಿ ಇಳಿದುಬಿಡುತ್ತದೆ. "ಬಂದಿ ಏನ್ ತಮ್ಮಾ? ಚಾ ಕುಡೀತೀ?" ಎಂದು ಪಿಸುಗುಟ್ಟುತ್ತಾಳೆ. ಸಿಟ್ಟೇನಿಲ್ಲ ಆಕೆಗೆ. ಅತ್ತೆ ನನ್ನನ್ನು ಎಂದೋ ಕ್ಷಮಿಸಿದ್ದಾಳೆ, ಗಂಟಲು ಕ್ಷಮಿಸಿಲ್ಲ.

ಅದಕ್ಕೇ ಈಗ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತೇನೆ. ಗಿರಣಿಯ ಹೊರಗೋಡೆಗೆ ಆತು, ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ನಾನು ಬಂದದ್ದು ಗೊತ್ತಾಗುವವರೆಗೆ ನನಗೂ ಅತ್ತೆಯ ಧ್ವನಿ ಕೇಳಿಸುತ್ತದೆ.