ಮುನ್ನೆಚ್ಚರಿಕೆಯಿಂದ ಮಾರಿದ ಕ್ಯಾಮೆರಾ

ನಾನು ಮೋಸ ಹೋಗುವವನಲ್ಲ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ; ಅದು ನನ್ನ ಕಸುಬು. ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಮೇಜಿನ ಹಿಂದೆ ಹತ್ತೊಂಬತ್ತು ವರ್ಷ ಕೂತಿದ್ದೇನೆ. ಕಾಲು ಮುರಿದವನು ಕುಂಟುತ್ತ ಬಂದರೆ ಯಾವ ಕಾಲು ಎಂದು ಬರೆದಿಟ್ಟುಕೊಂಡು, ಹೋಗುವಾಗಲೂ ಅದೇ ಕಾಲು ಕುಂಟುತ್ತಿದೆಯೇ ಎಂದು ಕಿಟಕಿಯಿಂದ ನೋಡುವವನು. ಇಂಥ ನನಗೆ ಬುದ್ಧಿ ಸಾಲದು ಎಂಬ ಅಭಿಪ್ರಾಯ ಮನೆಯಲ್ಲಿದೆ. (ಅಭಿಪ್ರಾಯ ನನ್ನವಳದು. ನನ್ನ ಮತ ಎಣಿಸುವ ಪದ್ಧತಿ ಇಲ್ಲವಾದ್ದರಿಂದ ಅದು ಸರ್ವಾನುಮತದ್ದು.)

ನಮ್ಮ ವಾಷಿಂಗ್ ಮಷೀನ್ ಕೆಟ್ಟಿತು. ರಿಪೇರಿಯವನು ಬಂದು ಮುಚ್ಚಳ ತೆಗೆದು ಒಳಗೆ ನೋಡಿದ. ಆಮೇಲೆ ನಿಧಾನವಾಗಿ ಮುಚ್ಚಳ ಮುಚ್ಚಿ, ನನ್ನ ಹೆಗಲ ಮೇಲೆ ಕೈಯಿಟ್ಟ. ಅಂದಿನಿಂದ ಬಟ್ಟೆ ನಾವೇ ಒಗೆಯುತ್ತಿದ್ದೆವು. ಒಗೆಯುವುದು ನಾನು, ‘ನಾವು’ ಎನ್ನುವುದು ಅವಳು.

“ರೀ, ಆ ಕ್ಯಾಮೆರಾ ಮಾರಿ, ಹೊಸ ಮಷೀನ್ ಬರುತ್ತೆ,” ಎಂದಳು.

ಆ ಕ್ಯಾಮೆರಾವನ್ನು ನಾಲ್ಕು ವರ್ಷದ ಹಿಂದೆ ಪಕ್ಷಿಗಳ ಚಿತ್ರ ತೆಗೆಯಲೆಂದು ಕೊಂಡಿದ್ದೆ. ತೆಗೆದ ಸಾವಿರದ ಚಿಲ್ಲರೆ ಚಿತ್ರಗಳಲ್ಲಿ ಪಕ್ಷಿ ಇರುವುದು ಆರರಲ್ಲಿ. ಆರರಲ್ಲೂ ಅದು ಹೊರಟು ಹೋಗುತ್ತಿದೆ.

“ಆನ್‌ಲೈನಲ್ಲಿ ಹಾಕ್ತೀನಿ,” ಎಂದೆ. “ಆದ್ರೆ ಹುಷಾರಾಗಿರ್ಬೇಕು ನೋಡು. ಬೆಲೆಬಾಳೋ ವಸ್ತು, ಕೊಳ್ಳೋನು ಎಲ್ಲೋ ದೂರದವನು, ಮುಖ ನೋಡಿಲ್ಲ…”

“ಹುಷಾರಾಗಿಯೇ ಇರಿ. ಆದ್ರೆ ಮಾರಿ.”

ನಾನು ಹದಿನಾಲ್ಕು ಮುನ್ನೆಚ್ಚರಿಕೆಯ ಸೂತ್ರಗಳನ್ನು ರಚಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹಾಲಿನ ಲೆಕ್ಕದ ಚೀಟಿ ಅದರಡಿ ಮುಚ್ಚಿಹೋಯಿತು ಎಂಬ ಸಣ್ಣ ಜಗಳದ ನಂತರ ಜಾಹೀರಾತು ಹಾಕಿದೆ.

ಮೊದಲ ಕರೆ ಒಬ್ಬ ಹಡಗಿನ ಕ್ಯಾಪ್ಟನ್ನನದು. ಚೌಕಾಶಿಯೇ ಇಲ್ಲ! “ಒಂದು ಕೋಡ್ ಕಳಿಸ್ತೀನಿ ಸಾರ್. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬೀಳುತ್ತೆ.”

“ಕ್ಯಾಪ್ಟನ್ನರೇ, ದುಡ್ಡು ಬರೋದಕ್ಕೆ ಪಿನ್ ಬೇಡ, ಹೋಗೋದಕ್ಕೆ ಬೇಕು,” ಎಂದೆ. ಹಡಗು ಅಲ್ಲಿಗೇ ಮುಳುಗಿತು.

ಈ ಪ್ರಸಂಗವನ್ನು ನನ್ನವಳಿಗೆ ನಾಲ್ಕು ಸಲ ಹೇಳಿದೆ. ಐದನೆಯ ಸಲ ಅವಳೇ ನನಗೆ ಹೇಳಿದಳು, ಬೇಗ ಮುಗಿಯಲೆಂದು.

ಮರುದಿನ, ಭಾನುವಾರ, ದೂರದ ಊರಿನಿಂದ ಒಬ್ಬ ಸ್ಟುಡಿಯೋದವನು ಫೋನ್ ಮಾಡಿದ. ಮೆತ್ತಗಿನ ದನಿ. ಲೆನ್ಸಿನಲ್ಲಿ ಬೂಷ್ಟು ಹಿಡಿದಿದೆಯೇ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದೆಲ್ಲ ವಿಚಾರಿಸಿದ.

“ಇಷ್ಟು ಸರಿಯಾಗಿ ಕೇಳ್ತಾನೆ ಅಂದ್ರೆ ಒಳಗೇನೋ ಇದೆ,” ಎಂದೆ ನನ್ನವಳಿಗೆ.

“ಕೊಳ್ಳೋರು ಸರಿಯಾಗೇ ಕೇಳ್ತಾರೆ ಕಣ್ರೀ.”

ವಿಡಿಯೋ ಕರೆ ಮಾಡಿ ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿಸಿದೆ. ಸ್ಟುಡಿಯೋದ ಬೋರ್ಡು ತೋರಿಸಲು ಹೇಳಿದೆ. ತೋರಿಸಿದ. ಬೋರ್ಡನ್ನು ಯಾರು ಬೇಕಾದರೂ ಒರಗಿಸಿಡಬಹುದು. ಅಲ್ಲಾಡಿಸಿ ನೋಡಿ ಎಂದೆ. ಪಾಪ, ಸ್ಟೂಲ್ ಹತ್ತಿ ಎರಡೂ ಕೈಯಲ್ಲಿ ಅಲ್ಲಾಡಿಸಿದ. “ಗಟ್ಟಿಯಾಗಿದೆ ಸಾರ್,” ಎಂದ. ಪಕ್ಕದ ಅಂಗಡಿಯ ದರ್ಜಿಯನ್ನು ಕರೆಸಿದೆ. ಅವನು ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು “ಇವರು ಇವರೇ” ಎಂದು ಸಾಕ್ಷಿ ನುಡಿದ.

“ಸಾರ್, ಈಗ ತಾವೂ ಸ್ವಲ್ಪ…” ಎಂದ ಸ್ಟುಡಿಯೋದವನು.

ನ್ಯಾಯವೇ. ಆದರೆ ನಾನು ಬಟ್ಟೆ ಒಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೆ. ಒದ್ದೆ ಬನಿಯನ್ನು, ಒಂದು ವಾರದ ಗಡ್ಡ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ತಾರೀಖು ಬರೆದ ಹಾಳೆ ಹಿಡಿದು ಗೋಡೆಗೆ ಒತ್ತಿ ನಿಂತೆ. ನನ್ನವಳು ಫೋನ್ ಹಿಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಯಾರೂ ಏನೂ ಅನ್ನದೆಯೇ ಬೆವರತೊಡಗಿದೆ. ಆ ಕಡೆಯಿಂದ ಒಂದು ಹೆಂಗಸಿನ ದನಿ ಕೇಳಿಸಿತು: “ಏನೂಂದ್ರೆ, ಆ ಮನುಷ್ಯ ಯಾಕೆ ಹಾಗೆ ನೋಡ್ತಾನೆ?”

ನಾನು ವಿಷಯಕ್ಕೆ ಬಂದೆ. “ಪರೀಕ್ಷೆಗೆ ಒಂದು ರೂಪಾಯಿ ಹಾಕಿ.”

ಹಾಕಿದ. ನನ್ನ ಫೋನು ‘ಟಿಣ್’ ಎಂದಿತು. ಆದರೆ ಸಂದೇಶ ನಂಬಬಾರದು, ಖಾತೆಯನ್ನೇ ತೆರೆದು ನೋಡಬೇಕು. ಇದು ಒಂಬತ್ತನೆಯ ಸೂತ್ರ. ಖಾತೆ ತೆರೆಯಲಿಲ್ಲ. ‘ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂದಿತು ಬ್ಯಾಂಕು. ಇನ್ನೊಂದು ರೂಪಾಯಿ ಹಾಕಿ ಎಂದೆ. ಹಾಕಿದ. ಹೀಗೆ ಸಂಜೆಯೊಳಗೆ ಹನ್ನೊಂದು ಸಲ ‘ಟಿಣ್’ ಆಯಿತು. ಕೊನೆಗೆ ಖಾತೆ ತೆರೆಯಿತು. ಹನ್ನೊಂದೂ ಭದ್ರವಾಗಿದ್ದವು.

“ಎಲ್ಲಾ ಸರಿಯಾಗಿದೆ,” ಎಂದೆ. “ಈಗ ಪೂರ್ತಿ ಹಣ ಹಾಕ್ಬಿಡಿ. ಆಮೇಲೆ ನಾನು ಯೋಚ್ನೆ ಮಾಡ್ತೀನಿ.”

ಅವನು ಫೋನ್ ಇಟ್ಟುಬಿಟ್ಟ. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಕರೆ ಹೋಗಲಿಲ್ಲ.

“ನೋಡಿದ್ಯಾ? ಕಳ್ಳ! ಓಡಿಹೋದ,” ಎಂದೆ.

ನನ್ನವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಾಳೆ. ಸೋಮವಾರ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಫೋನನ್ನು ನನ್ನ ಮುಖಕ್ಕೆ ಹಿಡಿದಳು. “ರೀ, ನೀವು ಫೇಮಸ್ ಆಗಿದೀರಿ.”

ನನ್ನದೇ ಚಿತ್ರ, ಆ ವಿಡಿಯೋ ಕರೆಯಲ್ಲಿ ಹಿಡಿದದ್ದು. ಬನಿಯನ್ನು, ಗೋಡೆ, ಹಾಳೆ ಎಲ್ಲವೂ. ಕೆಳಗೆ: ‘ಎಚ್ಚರಿಕೆ! ಕ್ಯಾಮೆರಾ ಮಾರುವ ನೆಪದಲ್ಲಿ, ಪರೀಕ್ಷೆ ಎಂದು ಹೇಳಿ ಒಂದೊಂದೇ ರೂಪಾಯಿ ಕೀಳುವ ವಂಚಕ. ಹಿಂದೆ ಒಬ್ಬ ಹೆಂಗಸೂ ಇದ್ದಾಳೆ.’ ಚಿತ್ರ ಮಾತ್ರ ಬಹಳ ಸ್ಪಷ್ಟವಾಗಿತ್ತು. ಕಸುಬು ಬಲ್ಲವನು.

“ಹಲ್ಲು ಕೀಳಿಸ್ಕೊಳ್ಳೋಕೆ ಬಂದ ಅಜ್ಜಿ ತೋರಿಸಿದ್ರು,” ಎಂದಳು. “ಇವನನ್ನ ಕಂಡ್ರೆ ಹುಷಾರಮ್ಮ ಅಂದ್ರು.”

“ನೀನೇನಂದೆ?”

“ಆಯ್ತಜ್ಜಿ ಅಂದೆ.”

ಆಮೇಲೆ ನನ್ನ ಫೋನಿನಿಂದ ಸ್ಟುಡಿಯೋದವನ ನಂಬರು ಬರೆದುಕೊಂಡು, ತನ್ನ ಫೋನಿನಿಂದ ಕರೆ ಮಾಡಿದಳು. ಎತ್ತಿದ್ದು ಅವನ ಹೆಂಡತಿ. ಎರಡು ಸಂಸಾರಗಳ ಗಂಡಂದಿರ ಬಗ್ಗೆ ಏಳು ನಿಮಿಷ, ಕ್ಯಾಮೆರಾದ ಬಗ್ಗೆ ಮೂರು ನಿಮಿಷ ಮಾತಾಯಿತು. ಅರ್ಧ ಹಣ ಮೊದಲು, ಉಳಿದರ್ಧ ಪಾರ್ಸೆಲ್ ಬಿಚ್ಚಿ ನೋಡಿದ ಮೇಲೆ. ಮೊದಲರ್ಧ ಖಾತೆಗೆ ಬಂತು. ಇವಳು ಕ್ಯಾಮೆರಾದ ನಂಬರು ಬರೆದಿಟ್ಟುಕೊಂಡಳು, ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡಿದಳು, ವಿಮೆ ಮಾಡಿಸಿ ಕೊರಿಯರಿಗೆ ಕೊಟ್ಟಳು.

“ಉಳಿದರ್ಧ ಕೊಡದಿದ್ರೆ?” ಎಂದೆ.

“ನೀವು ಹೇಳಿದ್ರಿ ಅಂತ ಬೋರ್ಡ್ ಅಲ್ಲಾಡಿಸಿದ ಮನುಷ್ಯ ಕಣ್ರೀ ಅವರು. ಕೊಡ್ತಾರೆ.”

ಕೊಟ್ಟ. ಹೊಸ ಮಷೀನೂ ಬಂತು. ಸ್ಟುಡಿಯೋದವನು ಕ್ಷಮೆ ಕೇಳಿ ಚಿತ್ರ ಅಳಿಸಿದ. ಆದರೆ ಅಷ್ಟರಲ್ಲಿ ಅದು ಎಷ್ಟು ಫೋನು ಹೊಕ್ಕಿತ್ತೋ, ಅಳಿಸುವವರು ಯಾರು?

ಹದಿನೈದು ದಿನದ ಮೇಲೆ ನಮ್ಮ ಕಚೇರಿಯಲ್ಲಿ ಆನ್‌ಲೈನ್ ವಂಚನೆಯ ಕುರಿತು ತರಬೇತಿ ನಡೆಯಿತು. ಅನುಭವಸ್ಥನೆಂದು ಮ್ಯಾನೇಜರು ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ನುಣ್ಣಗೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಹೋಗಿದ್ದೆ. ತರಬೇತಿ ಕೊಡಲು ಹೊರಗಿನಿಂದ ಬಂದಿದ್ದ ಮೇಡಂ ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ತೋರಿಸುತ್ತಿದ್ದರು. ಆರನೆಯದು ನಾನು. ಗೋಡೆಯಷ್ಟು ದೊಡ್ಡವನಾಗಿ.

“ಇಂಥವರನ್ನ ಗುರುತಿಸೋದು ಹೇಗೆ?” ಎಂದು ಕೇಳಿದರು.

ತಿರುಗಿ ನೋಡಿದೆ. ನಲವತ್ತು ಜನ ಸಹೋದ್ಯೋಗಿಗಳು ಫ್ಯಾನನ್ನು ಅಧ್ಯಯನ ಮಾಡುತ್ತಿದ್ದರು. ದೂರದ್ದು ಸರಿಯಾಗಿ ಕಾಣದ ಮ್ಯಾನೇಜರು ಮಾತ್ರ ಮುಂದಕ್ಕೆ ಬಾಗಿ, “ಆ ಕಣ್ಣು ನೋಡಿದ್ರೇ ಗೊತ್ತಾಗುತ್ತಲ್ಲ ಮೇಡಂ!” ಎಂದರು.

ಮೇಡಂಗೆ ಸಂತೋಷವಾಯಿತು. ನನ್ನ ಕಡೆ ತಿರುಗಿದರು. “ನೀವು ಹೇಳಿ ಸಾರ್. ಇವನ ಹತ್ರ ನೀವು ಏನಾದ್ರೂ ಕೊಳ್ತಿದ್ರಾ?”

ನಾನು ಆ ಮುಖವನ್ನು ನಿಷ್ಪಕ್ಷಪಾತವಾಗಿ, ಪೂರ್ತಿ ಒಂದು ನಿಮಿಷ ನೋಡಿದೆ.

“ಇಲ್ಲ ಮೇಡಂ,” ಎಂದೆ.