ಹತ್ತಕ್ಕೆ ಒಂದು

ನಮ್ಮ ಕಾಕಾ ಬೆಳಿಗ್ಗೆ ಎರಡು ಹೆಲಿಕಾಪ್ಟರ್ ಸಮುದ್ರಕ್ಕೆ ಕೆಡವಿ, ಊಟದ ಹೊತ್ತಿಗೆ ಸರಿಯಾಗಿ ಗೋವಾದ ಮಂಗೋರ್ ಹಿಲ್‌ನ ಮನೆಗೆ ಬಂದುಬಿಡುತ್ತಿದ್ದರು. ಅಂಗಿಯ ಇಸ್ತ್ರಿ ಕೂಡ ಮುರಿದಿರುತ್ತಿರಲಿಲ್ಲ!

ಗಾಬರಿಯಾಗಬೇಡಿ. ಎಂಬತ್ತರ ದಶಕದ ಮಾತು. ಕಾಕಾ ಪೈಲಟ್ ಹೌದು, ಆದರೆ ಆಗ ಅವರ ಹಾರಾಟವೆಲ್ಲ ಅಲ್ಲೇ ವಾಸ್ಕೋದ ಒಂದು ಕೋಣೆಯೊಳಗೆ, ಸಿಮ್ಯುಲೇಟರ್ ಎಂಬ ಅಣಕು ಯಂತ್ರದಲ್ಲಿ. ಎದುರಿನ ಪರದೆಯ ಮೇಲೆ ಸಮುದ್ರ, ಓಲಾಡುವ ಹಡಗು. ಅದರ ಮೇಲೆ ಇಳಿಸಿ, ಹೆಲಿಕಾಪ್ಟರ್ ಕೈಗೆ ಎಷ್ಟು ಬಗ್ಗುತ್ತದೆ ಎಂದು ಮಾರ್ಕು ಕೊಡಬೇಕು. ಒಂದು ಎಂದರೆ ಬೆಣ್ಣೆ, ಹತ್ತು ಎಂದರೆ ದೇವರೇ ಗತಿ. ಅದನ್ನು ನೋಡಿ ಎಂಜಿನಿಯರುಗಳು ಯಂತ್ರ ತಿದ್ದುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ನಾನೇಕೆ ಬರೆಯುತ್ತಿದ್ದೆ? ಆ ಚಟ ಮನೆಗೂ ಬಂತು. ಕಾಲೇಜಿಗೆಂದು ಅವರ ಮನೆಯಲ್ಲೇ ಇದ್ದ ನಾನು ಎಲ್ಲವನ್ನೂ ಕಣ್ಣಾರೆ ಕಂಡವನು. ಸ್ಕೂಟರ್ ಕೊಳ್ಳುವ ಮೊದಲು ಕಾಕಾ ಸ್ಟೂಲಿನ ಮೇಲೆ ಕುಳಿತು, ಎರಡು ಕೈಯಲ್ಲಿ ಹ್ಯಾಂಡಲ್ಲಿನಂತೆ ಎರಡು ಸೌಟು ಹಿಡಿದು, ಘಾಟಿ ಹತ್ತಿ ಬೆಳಗಾವಿ ಮುಟ್ಟಿದರು. ಸ್ಟೂಲು ಅಲುಗಾಡಿಸುವ ಕೆಲಸ ನನ್ನದು.

“ಬೆಳಗಾವಿಗೆ ಹೋಗಿದ್ರಲ್ಲ, ಕುಂದಾ ತಂದೀರೇನ್ರಿ?” ಎಂದರು ಕಾಕೂ, ಅಂದರೆ ಕಾಕಾನ ಹೆಂಡತಿ.

ಆ ಕಾಕೂನ ಜೋಳದ ರೊಟ್ಟಿಗೂ ಒಂದು ದಿನ ಮಾರ್ಕು ಬಿತ್ತು. ಒಂದು!

“ಒಂದಂದ್ರ ಭಾಳ ಚಲೋ ಅಂತ. ಮುರಿಯಾಕ ಕೈಗೆ ತ್ರಾಸ ಇಲ್ಲ ನೋಡು” ಎಂದರು ಕಾಕಾ.

“ನಮ್ಮ ಧಾರವಾಡದ ಸಾಲ್ಯಾಗ ಹತ್ತಕ್ಕ ಒಂದು ಬಂದ್ರ ಬೆತ್ತ ಬೀಳತಿತ್ರಿ” ಎಂದರು ಕಾಕೂ.

ಆ ವಾರವೆಲ್ಲ ನಮಗೆ ಬರೀ ಅನ್ನ. ಆ ಒಂದನ್ನು ಕಾಕೂ ವರ್ಷಗಟ್ಟಲೆ ಮರೆಯಲಿಲ್ಲ.

ತೊಂಬತ್ತರ ದಶಕದಲ್ಲಿ ಕಾಕೂ ಜಾರಿ ಬಿದ್ದು ಸೊಂಟ ಮುರಿದುಕೊಂಡರು; ಆಗ ಕೆಲಸದಲ್ಲಿದ್ದ ನಾನು ರಜೆ ಹಾಕಿ ಬಂದೆ. ಇನ್ನು ಗಾಲಿ ಕುರ್ಚಿಯೇ ಗತಿ ಎಂದರು ಡಾಕ್ಟರು. “ಇನ್ನ ನನ್ನ ಅಡಗಿಮನಿ ಮುಗೀತು” ಎಂದು ಆಸ್ಪತ್ರೆಯಲ್ಲಿ ಅವರು ಅತ್ತರು.

ಕಾಕಾ ಮನೆಗೆ ಬಂದು, ತಮ್ಮ ಎರಡೂ ಕಾಲನ್ನು ಟವೆಲಿನಿಂದ ಬಿಗಿದುಕೊಂಡು ಹೊಸ ಗಾಲಿ ಕುರ್ಚಿಯಲ್ಲಿ ಕುಳಿತರು. ಅಡುಗೆಮನೆಯ ಹೊಸ್ತಿಲಿಗೆ ತಾಗಿ ಮುಗ್ಗರಿಸಿದರು. “ಒಂಬತ್ತು” ಎಂದರು. ಬಡಗಿ ಬಂದು ಹೊಸ್ತಿಲು ಕೆತ್ತಿದ. “ಆರು.” ಒಲೆಯ ಕಟ್ಟೆ ತಗ್ಗಿತು. “ನಾಲ್ಕು.” ಹಿಟ್ಟಿನ ಡಬ್ಬಿ, ಹಂಚು, ಕೊಡ, ಎಲ್ಲವೂ ಕುಳಿತವರ ಕೈಗೆಟಕುವಂತೆ ಕೆಳಗಿಳಿದವು. ಕಿಟಕಿಯಿಂದ ನೋಡಿ ಓಣಿಯವರೆಲ್ಲ ನಕ್ಕರು, ನಾನೂ ನಕ್ಕೆ.

ಕಾಕೂ ಮನೆಗೆ ಬಂದರು. ಯಾರೂ ನೂಕದೆ ತಾವೇ ಗಾಲಿ ತಿರುಗಿಸುತ್ತಾ ಒಲೆಯ ತನಕ ಹೋದರು, ಹಿಟ್ಟು ನಾದಿದರು, ರೊಟ್ಟಿ ಬಡಿದರು.

“ಮಾರ್ಕ್ ಹೇಳ್ರಿ” ಎಂದೆ ಕಾಕಾಗೆ.

“ನಾ ಯಾಂವ ಕೊಡಾಂವ? ನಡಸಾಕಿ ಆಕಿ. ಆಕೀನ ಹೇಳ್ಬೇಕು.”

ಕಾಕೂ ತಿರುಗಿ ನೋಡದೆ ಹಿಟ್ಟು ಮೆತ್ತಿದ ಕೈಯೆತ್ತಿ ಒಂದೇ ಬೆರಳು ತೋರಿಸಿದರು.

ಕಾಕಾ ಇಸ್ತ್ರಿಯ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡರು.